ಮೇವಿನ ಚೀಲ ಕಟ್ಟಿಕೊಂಡ ಕೋಳಿ: ಪೋಂಡಾದ ಹಿತ್ತಲಿನ ಒಂದು ಆರೈಕೆಯ ದಾಖಲೆ

ಕೋಳಿಗೆ ಹುಷಾರಿಲ್ಲವೆಂದು ಗೊತ್ತಾದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕೈ ಅರಿಶಿನದ ಡಬ್ಬಿಯ ಕಡೆಗೋ ಬೆಳ್ಳುಳ್ಳಿಯ ಬುಟ್ಟಿಯ ಕಡೆಗೋ ಹೋಗುತ್ತದೆ. ಅದಕ್ಕಿಂತ ಮೊದಲು ಆ ಕೈ ಕೋಳಿಯ ಮೈಮೇಲೆ ಹೋಗಬೇಕು ಮತ್ತು ಏನು ಕೊಡಬೇಕೆನ್ನುವ ಮುಂಚೆ ಏನನ್ನು ಕೊಡದೆ ತಡೆಹಿಡಿಯಬೇಕು ಎಂಬುದು ತೀರ್ಮಾನವಾಗಬೇಕು ಎಂದು ನಾನು ನಂಬಿದ್ದೇನೆ. ಕಳೆದ ಮಳೆಗಾಲದಲ್ಲಿ ನಮ್ಮ ಕೆಂಪಿ ಎಂಬ ಹೇಂಟೆಗೆ ಮೇವಿನ ಚೀಲ, ಅಂದರೆ ತಿಂದದ್ದು ಮೊದಲು ಹೋಗಿ ಕೂರುವ ಕುತ್ತಿಗೆಯ ಬುಡದ ಚೀಲ, ಕಟ್ಟಿಕೊಂಡಾಗ ಮಾಡಿದ ಕೆಲಸಗಳನ್ನು, ಬಳಸಿದ ವಸ್ತುಗಳ ಜೊತೆಗೆ ಬಳಸದೆ ಬಿಟ್ಟ ವಸ್ತುಗಳ ಕಾರಣಗಳನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ನಾವು ಹಾವೇರಿ ಕಡೆಯವರು. ಮನೆಯವರ ಕೆಲಸದ ನಿಮಿತ್ತ ಗೋವಾದ ಪೋಂಡಾ ತಾಲ್ಲೂಕಿಗೆ ಬಂದು ನೆಲೆಸಿದ್ದೇವೆ. ಮನೆಯ ಹಿಂದೆ ಕೆಂಪುಕಲ್ಲಿನ ಕಾಂಪೌಂಡು, ನಾಲ್ಕಾರು ತೆಂಗಿನ ಮರ, ಅವುಗಳ ನಡುವೆ ಜಾಳಿಗೆ ಹೊಡೆದ ಒಂದು ಗೂಡು ಇವೆ. ಸಾಕಿರುವುದು ಗ್ರಾಮಪ್ರಿಯ ತಳಿಯ ಕೋಳಿಗಳು. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯು ಹಿತ್ತಲ ಸಾಕಣೆಗೆಂದೇ ರೂಪಿಸಿದ ಈ ತಳಿ ಕಂದು ಬಣ್ಣದ್ದು, ಮಾಂಸಕ್ಕಿಂತ ಮೊಟ್ಟೆಗೆ ಒಳ್ಳೆಯದು, ಮತ್ತು ಬಿಟ್ಟಲ್ಲಿ ಮೇಯ್ದು ಬರುವ ಸ್ವಭಾವದ್ದು. ಈ ಕೊನೆಯ ಗುಣವೇ ಈ ಸಲದ ತೊಂದರೆಗೆ ದಾರಿಯಾಯಿತು.

ಮೊದಲ ಸಂಜೆ

ಉಳಿದ ಕೋಳಿಗಳು ತೆಂಗಿನ ಬುಡ ಕೆದರುತ್ತಿದ್ದಾಗ ಕೆಂಪಿ ಗೋಡೆಯ ಪಕ್ಕ ಬಾಲ ಇಳಿಸಿಕೊಂಡು ನಿಂತಿದ್ದಳು. ಆಗಾಗ ಕುತ್ತಿಗೆಯನ್ನು ಮುಂದಕ್ಕೆ ಚಾಚಿ, ನುಂಗಲಾರದ್ದನ್ನು ನುಂಗುವವಳ ಹಾಗೆ ಎರಡು ಸಲ ಗಂಟಲಾಡಿಸಿ, ಮತ್ತೆ ತಲೆಯನ್ನು ಭುಜದೊಳಕ್ಕೆ ಎಳೆದುಕೊಳ್ಳುತ್ತಿದ್ದಳು. ಕೋಳಿಯ ಕಣ್ಣಿನ ಕೆಳರೆಪ್ಪೆ ಮೇಲಕ್ಕೆ ಏರಿ ಕಣ್ಣನ್ನು ಮುಚ್ಚುತ್ತದೆ. ಆ ತೆಳು ರೆಪ್ಪೆ ಅರ್ಧಕ್ಕೆ ಏರಿ ನಿಂತಿದ್ದರೆ ಹಕ್ಕಿಗೆ ನೋವೋ ನಿತ್ರಾಣವೋ ಇದೆ ಎಂದು ತಿಳಿಯಬಹುದು. ಕೆಂಪಿಯದು ಅರ್ಧದಲ್ಲಿತ್ತು.

ಹಿಡಿದು ನೋಡುವುದಕ್ಕೆ ಒಂದು ಹಳೆಯ ಟವೆಲ್ ಸಾಕು. ರೆಕ್ಕೆಗಳು ಬಡಿಯದಂತೆ ಸುತ್ತಿ, ಎಡ ಕಂಕುಳಲ್ಲಿ ಇರಿಸಿಕೊಂಡು, ತಲೆ ಯಾವಾಗಲೂ ಮೇಲಕ್ಕಿರುವಂತೆ ನೋಡಿಕೊಳ್ಳಬೇಕು. ಸುತ್ತುವಾಗ ಎದೆಯನ್ನು ಬಿಗಿಯಬಾರದು. ಹಕ್ಕಿಗಳಿಗೆ ನಮ್ಮಂತೆ ಎದೆಗೂ ಹೊಟ್ಟೆಗೂ ನಡುವೆ ಉಸಿರೆಳೆಯುವ ಸ್ನಾಯುವಿನ ಪರದೆ (ವಪೆ) ಇಲ್ಲ, ಎದೆಗೂಡು ಅಲುಗಾಡಿದರೆ ಮಾತ್ರ ಉಸಿರಾಟ ನಡೆಯುತ್ತದೆ; ಓಡಿಹೋದೀತೆಂದು ಎದೆಯನ್ನು ಅಮುಕಿ ಹಿಡಿದವರ ಕೈಯಲ್ಲೇ ಕೋಳಿ ಉಸಿರುಗಟ್ಟಿ ಸಾಯುವುದುಂಟು.

ಮೂಗಿನ ಹೊಳ್ಳೆಗಳು ಒಣಗಿದ್ದವು, ಮುಖ ಊದಿರಲಿಲ್ಲ, ಉಸಿರಿನಲ್ಲಿ ಗೊರಗೊರ ಇರಲಿಲ್ಲ. ಹಾಗಾಗಿ ನೆಗಡಿಯ ಜಾತಿಯ ರೋಗಗಳನ್ನು ಬದಿಗಿಟ್ಟೆ. ಜುಟ್ಟಿನ ಮೇಲೆ ಸಿಡುಬಿನ ಹಕ್ಕಳೆಗಳಿರಲಿಲ್ಲ. ಮಳೆಗಾಲದಲ್ಲಿ ಸೊಳ್ಳೆಗಳಿಂದ ಹರಡುವ ಕೋಳಿ ಸಿಡುಬು ಈ ಭಾಗದಲ್ಲಿ ಸಾಮಾನ್ಯವಾದದ್ದರಿಂದ ಅದನ್ನು ವಿಶೇಷವಾಗಿ ಹುಡುಕಿದೆ. ಮೊಟ್ಟೆ ಸಿಕ್ಕಿಹಾಕಿಕೊಂಡಿದ್ದರೆ ಹೇಂಟೆ ಮೈಯನ್ನು ನೆಟ್ಟಗೆ ಎತ್ತಿ ನಿಲ್ಲುತ್ತದೆ, ಮುಕ್ಕುತ್ತದೆ, ಹಿಂಬದಿಯ ಎರಡು ಎಲುಬುಗಳ ನಡುವೆ ಗಟ್ಟಿಯಾದ ಉಬ್ಬು ಕೈಗೆ ಸಿಗುತ್ತದೆ, ಅದೂ ಇರಲಿಲ್ಲ. ಪಾದಗಳ ಅಡಿಯಲ್ಲಿ ಕಪ್ಪು ಗಂಟುಗಳಿರಲಿಲ್ಲ. ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಹೇನುಗಳಿರಲಿಲ್ಲ.

ಕೊಂಚ ಯೋಚನೆಗೆ ಹಚ್ಚಿದ್ದು ಹಿಕ್ಕೆ. ಆರೋಗ್ಯವಂತ ಕೋಳಿಯ ಹಿಕ್ಕೆ ಕಂದಾಗಿ, ಮೇಲೆ ಬಿಳಿಯ ಟೋಪಿ ಇಟ್ಟುಕೊಂಡಿರುತ್ತದೆ. ನಡುನಡುವೆ ಒಮ್ಮೊಮ್ಮೆ ಅಂಟಂಟಾದ, ಗಬ್ಬು ನಾರುವ ಕಂದು ಹಿಕ್ಕೆಯೂ ಬೀಳುತ್ತದೆ, ಅದು ರೋಗವಲ್ಲ. ಕೆಂಪಿಯ ಹಿಕ್ಕೆ ಬಹಳ ಕಡಿಮೆಯಾಗಿ, ಹಸಿರು ಮತ್ತು ಬಿಳಿ ನೀರಾಗಿ ಬಂದಿತ್ತು. ಹಸಿರು ಹಿಕ್ಕೆ ಕಂಡರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಕೊಕ್ಕರೆ ರೋಗ. ಇಂದಿನ ಉತ್ತರಾಖಂಡದ ರಾಣಿಖೇತ್‌ನ ಹೆಸರನ್ನು ಹೊತ್ತಿರುವ ಈ ವೈರಸ್ ರೋಗಕ್ಕೆ ಲಸಿಕೆ ಇದೆಯೇ ಹೊರತು ಮದ್ದಿಲ್ಲ. ಆದರೆ ಅದು ಒಂದು ಕೋಳಿಗೆ ಬಂದು ಸುಮ್ಮನಾಗುವುದಿಲ್ಲ. ಹಿಂಡಿನಲ್ಲಿ ಒಂದರ ಹಿಂದೊಂದು ಮಲಗುತ್ತವೆ, ಬಾಯಿ ತೆರೆದು ಏದುಸಿರು ಬಿಡುತ್ತವೆ, ಕುತ್ತಿಗೆ ತಿರುಚಿಕೊಳ್ಳುತ್ತವೆ. ನಮ್ಮ ಕೋಳಿಗಳಿಗೆ ಲಸಿಕೆ ಆಗಿತ್ತು, ಉಳಿದವು ಚುರುಕಾಗಿದ್ದವು. ಹೊಟ್ಟೆಗೆ ಏನೂ ಇಳಿಯದಿದ್ದಾಗ ಪಿತ್ತರಸವೇ ಹಸಿರಾಗಿ ಹೊರಬರುತ್ತದೆ ಎಂಬುದೂ ತಿಳಿದ ವಿಷಯವೇ.

ಉಳಿದದ್ದು ಮೇವಿನ ಚೀಲ. ಕೋಳಿ ತಿಂದದ್ದು ನೇರವಾಗಿ ಹೊಟ್ಟೆಗೆ ಹೋಗುವುದಿಲ್ಲ; ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲ್ಭಾಗಕ್ಕೆ, ಹಕ್ಕಿಯ ಬಲಗಡೆಗೆ ಇರುವ ಚೀಲದಲ್ಲಿ ಕೂತು, ನೆನೆದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಅಲ್ಲಿಂದ ಮುಂದೆ, ಕೋಳಿ ಅಂಗಡಿಯವರು ಪೋಟಾ ಎಂದು ಕೊಡುವ ಗಟ್ಟಿ ಜಠರದಲ್ಲಿ, ನುಂಗಿದ ಕಲ್ಲಿನ ಹರಳುಗಳ ನಡುವೆ ಅರೆಯಲ್ಪಡುತ್ತದೆ. ಕೆಂಪಿಯ ಚೀಲ ಉಬ್ಬಿತ್ತು. ಆದರೆ ಸಂಜೆಯ ಹೊತ್ತಿನಲ್ಲಿ ಎಲ್ಲ ಕೋಳಿಗಳ ಚೀಲವೂ ಉಬ್ಬಿರುತ್ತದೆ, ರಾತ್ರಿಗೆಂದು ತುಂಬಿಕೊಂಡೇ ಅವು ಗೂಡು ಸೇರುತ್ತವೆ. ಆದ್ದರಿಂದ ಸಂಜೆಯ ಪರೀಕ್ಷೆಗೆ ಬೆಲೆಯಿಲ್ಲ; ಬೆಳಿಗ್ಗೆ, ಮೇವು ಹಾಕುವ ಮೊದಲು ಮುಟ್ಟಿ ನೋಡಬೇಕು. ರಾತ್ರಿಯಿಡೀ ಇಳಿದು ಆ ಹೊತ್ತಿಗೆ ಚೀಲ ಬರಿದಾಗಿರಬೇಕು. ಆ ಸಂಜೆ ಅವಳನ್ನು ಬೇರ್ಪಡಿಸಿ, ಮೇವು ತೆಗೆದು, ನೀರನ್ನು ಮಾತ್ರ ಇಟ್ಟು ನಿಲ್ಲಿಸಿದೆ.

ಪೆಟ್ಟಿಗೆ

ಬೇರ್ಪಡಿಸುವುದಕ್ಕೆ ಗೂಡಿನ ಮೂಲೆ ಸಾಲದು. ಕಾಯಿಲೆಯ ಕೋಳಿಯನ್ನು ಉಳಿದವು ಕುಕ್ಕುತ್ತವೆ, ಯಾರ ಹಿಕ್ಕೆ ಯಾವುದೆಂದು ಗೊತ್ತಾಗುವುದಿಲ್ಲ, ಯಾರು ಎಷ್ಟು ನೀರು ಕುಡಿದರೆಂಬುದೂ ತಿಳಿಯುವುದಿಲ್ಲ. ಮನೆಯವರು ಮಾರ್ಕೆಟ್ಟಿನಿಂದ ತಂದಿದ್ದ ಎರಡು ಹಳೆಯ ತರಕಾರಿ ಕ್ರೇಟುಗಳು ಹಿಂದಿನ ವರಾಂಡದಲ್ಲಿದ್ದವು. ಒಂದೊಂದೂ ಸುಮಾರು 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ. ಒಂದನ್ನು ನೆಟ್ಟಗಿಟ್ಟು, ಇನ್ನೊಂದನ್ನು ಅದರ ಮೇಲೆ ಬೋರಲು ಹಾಕಿ, ಹಿಂಬದಿಯ ಅಂಚನ್ನು ಪ್ಲಾಸ್ಟಿಕ್ ಟೈಗಳಿಂದ ಬಿಗಿದಾಗ ಅದೇ ಕೀಲಿನ ಕೆಲಸ ಮಾಡಿತು. ಮುಂಬದಿಗೆ ತೆಂಗಿನ ನಾರಿನ ಹುರಿಯಲ್ಲಿ ಬಿಚ್ಚುವಂಥ ಗಂಟು. ಗಾಳಿಯಾಡುತ್ತದೆ, ತೊಳೆಯಬಹುದು, ಕೋಳಿ ನಿಲ್ಲುವಷ್ಟು ಎತ್ತರವೂ ಇರುತ್ತದೆ.

ತಳಕ್ಕೆ ಹುಲ್ಲನ್ನಾಗಲಿ ಮರದ ಪುಡಿಯನ್ನಾಗಲಿ ಹಾಸಲಿಲ್ಲ. ಚೀಲ ಕಟ್ಟಿದೆ ಎಂಬ ಅನುಮಾನವಿರುವ ಕೋಳಿ ಹಸಿವಿಗೆ ಹಾಸನ್ನೇ ತಿಂದುಬಿಡುತ್ತದೆ. ಒಂದು ಗೋಣಿಚೀಲವನ್ನು ನಾಲ್ಕಾಗಿ ಮಡಚಿದರೆ ಎಳೆ ಬಿಡುತ್ತದೆಂದು ಅದನ್ನೂ ಬಿಟ್ಟು, ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಹಾಸಿ, ಅದರ ಮೇಲೆ ವೃತ್ತಪತ್ರಿಕೆ ಹರಡಿದೆ. ಕಾಗದದ ಮೇಲೆ ಬಿದ್ದ ಹಿಕ್ಕೆಯ ಬಣ್ಣ, ನೀರಿನ ಅಂಶ, ಪ್ರಮಾಣ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಕಾಗದ ಬದಲಿಸುವಾಗ ಅದರ ಅಂಚಿನಲ್ಲೇ ಹೊತ್ತನ್ನು ಬರೆದಿಡುತ್ತಿದ್ದೆ.

ಶಾಖದ ವಿಷಯಕ್ಕೆ ಸ್ವಲ್ಪ ಹೆಚ್ಚು ಬರೆಯಬೇಕಾಗಿದೆ. ಕೋಳಿಯ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಮೇವಿಲ್ಲದೆ ಕುಳಿತ ಹಕ್ಕಿಗೆ ಆ ಬಿಸಿಯನ್ನು ಕಾಪಾಡಿಕೊಳ್ಳುವುದೇ ದೊಡ್ಡ ಖರ್ಚು. ಆ ಖರ್ಚನ್ನು ನಾವು ತಗ್ಗಿಸಿಕೊಟ್ಟರೆ ಉಳಿದ ಶಕ್ತಿ ಚೇತರಿಕೆಗೆ ಒದಗುತ್ತದೆ. ಗೋವಾದ ಮಳೆಗಾಲದ ರಾತ್ರಿಗಳು ತೀರ ತಣ್ಣಗಿರುವುದಿಲ್ಲ, ಆದರೆ ಒದ್ದೆಯಾಗಿರುತ್ತವೆ, ಒದ್ದೆ ಗರಿ ಬೆಚ್ಚಗಿಡುವುದಿಲ್ಲ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಈ ಕೆಲಸಕ್ಕೆ ಬೇಕಾದ ಶಾಖ ಕೊಡುವುದಿಲ್ಲ. ಹಳೆಯ ತಂತಿಯ 60 ವ್ಯಾಟಿನ ಬಲ್ಬನ್ನೇ ಹುಡುಕಿ ತೆಗೆದೆ. ಅದನ್ನು ಕ್ರೇಟಿನ ಒಳಗೆ ಇಳಿಬಿಡದೆ, ಒಂದು ತುದಿಯ ಹೊರಗೆ, ಪ್ಲಾಸ್ಟಿಕ್ಕಿನಿಂದ ಗೇಣುದೂರದಲ್ಲಿ ಕಬ್ಬಿಣದ ಸ್ಟೂಲಿಗೆ ಕಟ್ಟಿ ನಿಲ್ಲಿಸಿದೆ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು. ಎಲ್ಲಿ ಕೂರಬೇಕೆಂಬುದನ್ನು ಕೋಳಿಯೇ ಆರಿಸಿಕೊಳ್ಳಲಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಶಾಖ ಹೆಚ್ಚಾಯಿತೆಂದು ಅರ್ಥ. ಬಲ್ಬಿನ ಎದುರು ತುದಿಗೆ ಮಾತ್ರ ಗೋಣಿ ಹೊದಿಸಿದೆ, ಬಲ್ಬಿನ ಹತ್ತಿರ ಬಟ್ಟೆಯನ್ನು ಬಿಡಲೇಬಾರದು. ಮಳೆಗೆ ಕರೆಂಟು ಹೋದಾಗ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಮೂಲೆಯಲ್ಲಿಡುತ್ತಿದ್ದೆ.

ನೀರಿನ ಬಟ್ಟಲು ಭಾರವಾದ ಪಿಂಗಾಣಿಯದು. ಮೇಲಿನ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿದ್ದರಿಂದ ಎಷ್ಟು ಕುಡಿದಿದ್ದಾಳೆ ಎಂದು ತಿಳಿಯುತ್ತಿತ್ತು. ಅಡುಗೆಮನೆಯ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ತೂಗಿದಾಗ ಕೆಂಪಿ 1 ಕಿಲೋ 720 ಗ್ರಾಂ ಇದ್ದಳು.

ಮರುದಿನ ಬೆಳಿಗ್ಗೆ

ಚೀಲ ಇಳಿದಿರಲಿಲ್ಲ. ಬೆರಳಿಟ್ಟು ಒತ್ತಿದರೆ ಚಪಾತಿಗೆ ನಾದಿಟ್ಟು ಮರೆತ ಹಿಟ್ಟಿನ ಹಾಗೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಇನ್ನೂ ಮೆಲ್ಲಗೆ, ಗರಿಗಳನ್ನು ಸರಿಸಿ ಚರ್ಮದ ಮೇಲೆಯೇ ಬೆರಳಾಡಿಸಿದಾಗ ಉದ್ದುದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಗಂಟು ತಿಳಿಯಿತು. ಕಾಳಿನ ಗುಂಡು ಹೀಗಿರುವುದಿಲ್ಲ, ಇದು ಹುಲ್ಲು.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಎರಡಕ್ಕೂ ಆರೈಕೆ ಬೇರೆ. ಚೀಲ ಗಟ್ಟಿಯಾಗಿ ಗಂಟಿನಂತಿದ್ದರೆ ಅದು ಕಟ್ಟಿಕೊಂಡ ಚೀಲ; ನೀರು ತುಂಬಿದ ಬಲೂನಿನ ಹಾಗೆ ತುಳುಕುತ್ತಿದ್ದು, ಬಾಯಿಂದ ಹುಳಿತ ವಾಸನೆ ಬರುತ್ತಿದ್ದರೆ ಅದು ಹುಳಿತ ಚೀಲ, ಅಂದರೆ ಕ್ಯಾಂಡಿಡಾ ಎಂಬ ಬೂಷ್ಟಿನ ಜಾತಿಯ ಜೀವಿ ಒಳಗೆ ಬೆಳೆದಿದೆ. ಮೊದಲನೆಯದನ್ನು ಬಹಳ ಹೊತ್ತು ಬಿಟ್ಟರೆ ಎರಡನೆಯದಾಗುತ್ತದೆ. ಕೊಕ್ಕನ್ನು ಮೂಸಿ ನೋಡಿದೆ. ಆ ಹೊತ್ತಿಗೆ ವಾಸನೆ ಇರಲಿಲ್ಲ.

ಅಷ್ಟರಲ್ಲಿ ಊರಿನಿಂದ ಬಂದಿದ್ದ ನಮ್ಮ ಅತ್ತೆ ಬಂದು ನಿಂತರು. ಅವರು ಜೀವಮಾನವಿಡೀ ಕೋಳಿ ಸಾಕಿದವರು.

"ಬಳ್ಳೊಳ್ಳಿ, ಮೆಣಸು, ಅರಿಶಿಣ ಕುಟ್ಟಿ ಉಂಡಿ ಮಾಡಿ ನುಂಗಸವಾ, ಬೈಗಿಗೆ ಎದ್ದು ಓಡ್ಯಾಡತೈತಿ" ಎಂದರು.

"ಅತ್ತೀ, ಒಳಗ ಹೋಗಿದ್ದ ಇಳೀವಲ್ದು ನೋಡ್ರಿ. ಅದರ ಮ್ಯಾಲ ಉಂಡಿ ಬ್ಯಾರೆ ತುರುಕಿದ್ರ ಎಲ್ಲಿಗೆ ಹೋದೀತ್ರಿ?" ಎಂದು ಅವರ ಕೈಯನ್ನೇ ಹಿಡಿದು ಚೀಲದ ಮೇಲಿರಿಸಿದೆ. ಎರಡು ಸಲ ಒತ್ತಿ ನೋಡಿದವರೇ, "ಹೌದ್ ಬಿಡು, ಕಟ್ಟೇತಿ. ನಮ್ಮ ಕಾಲದಾಗ ಇದನ್ನ ಬ್ಲೇಡಿಲೆ ಕೊಯ್ದು, ತಗದು, ಸೂಜಿದಾರದಿಂದ ಹೊಲೀತಿದ್ರು" ಎಂದರು.

ಹಾಗೆ ಹೊಲಿದ ಕೋಳಿಗಳಲ್ಲಿ ಕೆಲವು ಬದುಕಿದ್ದೂ ನಿಜವಿರಬಹುದು. ಆದರೆ ಚರ್ಮ ಬೇರೆ, ಚೀಲ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಹೊಲಿಯದಿದ್ದರೆ ಒಳಗಿನದು ಸೋರಿ ಕೊಳೆಯುತ್ತದೆ, ಮೇಲಾಗಿ ಮರಗಟ್ಟಿಸುವ ಮದ್ದಿಲ್ಲದೆ ಜೀವವಿರುವ ಹಕ್ಕಿಯನ್ನು ಕೊಯ್ಯುವುದು ಕ್ರೌರ್ಯ. ಅದು ಪಶುವೈದ್ಯರ ಮೇಜಿನ ಮೇಲೆ ಆಗಬೇಕಾದ ಕೆಲಸ. ಪಕ್ಕದ ಮನೆಯ ಕೊಂಕಣಿ ಅಜ್ಜಿ ಕಾಂಪೌಂಡಿನಾಚೆಯಿಂದ ತೆಂಗಿನ ಕಳ್ಳಿನಿಂದ ಮಾಡಿದ ವಿನೆಗರ್ ಬಾಟಲಿಯನ್ನು ಚಾಚಿದರು, ಅವರ ಮಗ ಅದಕ್ಕಿಂತ ಫೆನಿಯೇ ಲೇಸೆಂದ. ಫೆನಿಯ ಮಾತನ್ನು ನಗುವಿನಲ್ಲಿ ಮುಗಿಸಿದೆವು. ವಿನೆಗರನ್ನು ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಂತೆ ಬೆರೆಸಿ ಕೊಡುವ ರೂಢಿ ಅನೇಕ ಕಡೆ ಇದೆ, ತಗಡಿನ ಪಾತ್ರೆಯಲ್ಲಿ ಇಡದಿದ್ದರೆ ಹಾನಿಯೂ ಇಲ್ಲ. ತಗಡಿನ ಸತುವನ್ನು ಹುಳಿ ಕರಗಿಸುತ್ತದೆ. ಆದರೆ ಹೆಣೆದ ಹುಲ್ಲಿನ ಗಂಟನ್ನು ಅದು ಬಿಡಿಸಲಾರದು. ಬಾಟಲಿಯನ್ನು ಸಾರಿಗೆ ಇರಲೆಂದು ಇಟ್ಟುಕೊಂಡೆ.

ಎಣ್ಣೆ ಮತ್ತು ಬೆರಳು

ಮಾಡಬೇಕಾದ ಕೆಲಸ ಇಷ್ಟೇ ಆಗಿತ್ತು: ಗಂಟನ್ನು ಜಾರುವಂತೆ ಮಾಡುವುದು, ಬೆರಳಿನಿಂದ ಬಿಡಿಸುವುದು, ಅದು ಇಳಿಯುವವರೆಗೆ ಮೇಲಿನಿಂದ ಏನೂ ಬೀಳದಂತೆ ನೋಡಿಕೊಳ್ಳುವುದು.

ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುತ್ತಮುತ್ತ ಹೆಪ್ಪುಗಟ್ಟತೊಡಗುತ್ತದೆ. ಮಳೆಗಾಲದ ಬೆಳಿಗ್ಗೆ ಬಾಟಲಿಯ ತಳದಲ್ಲಿ ಬೆಳ್ಳಗೆ ಕೂತಿತ್ತು. ಬಟ್ಟಲಿನ ಬಿಸಿನೀರಿನಲ್ಲಿ ಬಾಟಲಿಯನ್ನಿಟ್ಟು ಕರಗಿಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು, ಬೆಚ್ಚಗಿದೆ ಆದರೆ ಸುಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಸೂಜಿ ತೆಗೆದ ಸಿರಿಂಜಿನಲ್ಲಿ 2 ಮಿಲಿಲೀಟರ್ ಎಳೆದೆ.

ಈ ಕೆಲಸದಲ್ಲಿ ಕೋಳಿಗಳು ಸಾಯುವುದು ಕಾಯಿಲೆಯಿಂದಲ್ಲ, ಕುಡಿಸುವ ರೀತಿಯಿಂದ. ಕೊಕ್ಕನ್ನು ತೆರೆದು ನೋಡಿದರೆ ನಾಲಿಗೆಯ ಬುಡದಲ್ಲಿ, ತೆರೆದು ಮುಚ್ಚಿ ತೆರೆದು ಮುಚ್ಚಿ ಆಡುವ ಒಂದು ಸಣ್ಣ ಸೀಳು ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ಸಿರಿಂಜನ್ನು ನಡುವೆ ತುರುಕಿ ಒತ್ತಿದರೆ ಎಣ್ಣೆ ಅದರೊಳಗೇ ಹೋಗುತ್ತದೆ, ಪುಪ್ಪುಸಕ್ಕಿಳಿದ ಎಣ್ಣೆಯನ್ನು ಹೊರಗೆ ತರುವ ಉಪಾಯವಿಲ್ಲ. ಆದ್ದರಿಂದ ನಾನು ಕೊಕ್ಕನ್ನು ತೆರೆಯಲೇ ಇಲ್ಲ. ಕೊಕ್ಕಿನ ಬದಿಯ ಅಂಚಿನಲ್ಲಿ ಒಂದು ಹನಿ ಇಟ್ಟು ಕಾದೆ. ಹನಿ ಬಿರುಕಿನಲ್ಲಿ ಹರಿದು ಒಳಗಿಳಿಯಿತು, ಕೆಂಪಿ ನಾಲಿಗೆಯಾಡಿಸಿ ನುಂಗಿದಳು. ನುಂಗಿದ್ದು ಕಂಡ ಮೇಲೆಯೇ ಇನ್ನೊಂದು ಹನಿ. ತಲೆ ಕೊಡವಿದರೆ ಅವಸರ ಮಾಡದೆ ನಿಲ್ಲಿಸಬೇಕು. ಎರಡು ಮಿಲಿಲೀಟರ್ ಎಣ್ಣೆಗೆ ಒಂದು ಲೋಟ ಚಹಾ ಆರುವಷ್ಟು ಹೊತ್ತು ಹಿಡಿಯಿತು, ಅತ್ತೆ ಪಕ್ಕದಲ್ಲಿ ಕೂತು ತಮ್ಮ ಚಹಾವನ್ನೂ ಆರಿಸಿಕೊಂಡರು.

ಸ್ವಲ್ಪ ಬಿಟ್ಟು ತಿಕ್ಕಲು ಕೂತೆ. ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಚೀಲವನ್ನು ಹಗುರವಾಗಿ ಹಿಡಿದು, ಮೊದಲು ಗಂಟಿನ ಅಂಚುಗಳನ್ನು, ಆಮೇಲೆ ನಡುವನ್ನು, ಹಿಂಡದೆ ಉರುಳಿಸುತ್ತಾ ಹೋಗಬೇಕು. ಒತ್ತಡ ಎಂದಿಗೂ ತಲೆಯ ಕಡೆಗೆ ಹೋಗಬಾರದು. ಕೋಳಿಯನ್ನು ತಲೆಕೆಳಗೆ ಹಿಡಿದು ಚೀಲವನ್ನು ಹಿಂಡಿ ಕಕ್ಕಿಸುವ ಪದ್ಧತಿಯನ್ನು ಹಲವರು ಹೇಳಿಕೊಡುತ್ತಾರೆ. ಕಕ್ಕಿದ್ದು ಶ್ವಾಸನಾಳಕ್ಕೆ ನುಗ್ಗಿ ಅರೆಕ್ಷಣದಲ್ಲಿ ಹಕ್ಕಿ ಸಾಯಬಹುದಾದ್ದರಿಂದ ನಾನು ಅದನ್ನು ಸಂಪೂರ್ಣವಾಗಿ ತಿರಸ್ಕರಿಸುತ್ತೇನೆ. ತಿಕ್ಕುವಾಗ ಮೊದಮೊದಲು ಕೆಂಪಿ ಕುತ್ತಿಗೆ ಬಿಗಿದಳು, ಆಮೇಲೆ ಕಣ್ಣು ಮುಚ್ಚಿ ಸುಮ್ಮನೆ ಒರಗಿದಳು. ಐದು ನಿಮಿಷ ತಿಕ್ಕುವುದು, ಎರಡು ಮೂರು ಗಂಟೆ ಬಿಡುವುದು, ನಡುವೆ ಬೆಚ್ಚನೆಯ ನೀರು. ಎಣ್ಣೆಯನ್ನು ದಿನಕ್ಕೆ ಎರಡು ಸಲಕ್ಕೆ ಸೀಮಿತಗೊಳಿಸಿದೆ.

ಮಧ್ಯಾಹ್ನದ ಕಾಗದದಲ್ಲಿ ಹಸಿರು ನೀರು ಮಾತ್ರ. ಸಂಜೆಯ ಕಾಗದದಲ್ಲಿ ಹುಣಸೆಬೀಜದ ಗಾತ್ರದ ಒಂದು ಕಪ್ಪುಹಸಿರು ತುಣುಕು ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿ ನೋಡಿದರೆ ನಾರು. ಚೀಲದ ಗಂಟು ಆ ಹೊತ್ತಿಗೆ ಒಂದಾಗಿ ಉಳಿಯದೆ ಎರಡು ಮೂರು ತುಂಡಾಗಿ ಬೆರಳಿಗೆ ಸಿಗುತ್ತಿತ್ತು.

ಮುಂದಿನ ಬೆಳಿಗ್ಗೆ ಚೀಲ ಅರ್ಧದಷ್ಟಾಗಿತ್ತು, ಆದರೆ ಕೊಕ್ಕಿನಿಂದ ಹುಳಿಯ ವಾಸನೆ ಬರತೊಡಗಿತ್ತು. ತೂಕ 1 ಕಿಲೋ 640 ಗ್ರಾಂಗೆ ಇಳಿದಿತ್ತು. ಇಲ್ಲಿಗೆ ನಾನು ನಿಲ್ಲಿಸಬೇಕೆಂದು ಆರಂಭದಲ್ಲೇ ಗೆರೆ ಹಾಕಿಕೊಂಡಿದ್ದೆ: ಎರಡನೆಯ ಬೆಳಿಗ್ಗೆಗೆ ಚೀಲ ಬರಿದಾಗದಿದ್ದರೆ, ಅಥವಾ ಹುಳಿ ವಾಸನೆ ಬಂದರೆ, ಮುಂದಿನ ಕೆಲಸ ವೈದ್ಯರದು. ಬಿದಿರಿನ ಬುಟ್ಟಿಯಲ್ಲಿ ಹಾಕಿಕೊಂಡು ಸರ್ಕಾರಿ ಪಶುಚಿಕಿತ್ಸಾಲಯಕ್ಕೆ ಹೋದೆವು. ಅಲ್ಲಿನ ವೈದ್ಯರು ಕಾಗದಗಳ ಮೇಲಿನ ಬರಹವನ್ನು ನೋಡಿ, ಚೀಲವನ್ನು ಮುಟ್ಟಿ, ಕೊಯ್ಯುವ ಅಗತ್ಯವಿಲ್ಲ, ಇಳಿಯುತ್ತಿದೆ ಎಂದರು. ಬೂಷ್ಟಿಗೆ ನಿಸ್ಟಾಟಿನ್ ಎಂಬ ಔಷಧವನ್ನು ತೂಕಕ್ಕೆ ತಕ್ಕಂತೆ ಬರೆದುಕೊಟ್ಟು, ಎಣ್ಣೆಯನ್ನು ಇನ್ನು ನಿಲ್ಲಿಸಿ ತಿಕ್ಕುವುದನ್ನು ಮುಂದುವರಿಸಲು ಹೇಳಿದರು. ಮನೆಯಲ್ಲಿದ್ದ ಯಾವುದೋ ಆ್ಯಂಟಿಬಯಾಟಿಕ್ ಕೊಡಬಹುದೇ ಎಂದು ಮನೆಯವರು ಕೇಳಿದ್ದಕ್ಕೆ ಖಡಾಖಂಡಿತವಾಗಿ ಬೇಡವೆಂದರು. ಅದು ಬ್ಯಾಕ್ಟೀರಿಯಾಗಳನ್ನು ಕೊಂದು ಬೂಷ್ಟಿಗೆ ಜಾಗ ಬಿಟ್ಟುಕೊಡುತ್ತದೆ. ಔಷಧ ನಡೆಯುವಾಗ ಬಂದ ಮೊಟ್ಟೆಗಳನ್ನು ತಿನ್ನುವ ಬಗ್ಗೆಯೂ ಅವರನ್ನೇ ಕೇಳಿಕೊಂಡು ಬಂದೆ, ಇದನ್ನು ಕೇಳುವುದನ್ನು ಬಹಳ ಜನ ಮರೆಯುತ್ತಾರೆ.

ಮನೆಮದ್ದಿಗೆ ಸೇರದ ಇನ್ನೊಂದು ಸಂದರ್ಭವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಹಿತ್ತಲಿನಲ್ಲಿ ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಎಣ್ಣೆ, ಅರಿಶಿನ ಯಾವುದನ್ನೂ ಮುಟ್ಟದೆ, ಸತ್ತವನ್ನು ಹಳ್ಳಕ್ಕೆ ಎಸೆಯದೆ, ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. ಭಾರತದಲ್ಲಿ ಹಕ್ಕಿಜ್ವರ ಮೊದಲು ದೃಢಪಟ್ಟದ್ದು 2006ರ ಫೆಬ್ರವರಿಯಲ್ಲಿ, ನೆರೆಯ ಮಹಾರಾಷ್ಟ್ರದ ನವಾಪುರದಲ್ಲಿ. ಅಂಥದ್ದನ್ನು ಹಿತ್ತಲಲ್ಲಿ ಗುರುತಿಸುವ ಕಣ್ಣು ನಮಗಿಲ್ಲ.

ಮೇವು ಮರಳಿ ಕೊಟ್ಟದ್ದು

ವೈದ್ಯರಿಂದ ಬಂದ ದಿನವೇ ಸಂಜೆ ಚೀಲ ಮೆತ್ತಗಾಗಿ, ಮುಷ್ಟಿಯೊಳಗೆ ಮಾಯವಾಗುವಷ್ಟು ಸಣ್ಣದಾಯಿತು. ಬೆಳಗಿನ ಹೊತ್ತಿಗೆ ಕಾಗದದ ಮೇಲೆ ಸಾಕಷ್ಟು ನಾರು ಬಿದ್ದಿತ್ತು, ಕೆಂಪಿ ಕ್ರೇಟಿನ ಸಂದಿಯಿಂದ ಕುತ್ತಿಗೆ ಚಾಚಿ ನನ್ನ ಬಳೆ ಕುಕ್ಕುತ್ತಿದ್ದಳು. ಹಸಿವು ಮರಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಆದರೂ ಕಾಳು ಹಾಕಲಿಲ್ಲ. ಮೊದಲ ಊಟ ಬೇಯಿಸಿದ ಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕಲಸಿದ ತೆಳ್ಳನೆಯ ಗಂಜಿ, ಎರಡು ಚಮಚ. ಅದು ಇಳಿಯಿತೆಂದು ಮುಟ್ಟಿ ನೋಡಿ ಖಾತ್ರಿಯಾದ ಮೇಲೆ ಎರಡನೆಯ ಊಟ. ಮರುದಿನದಿಂದ ಮೊಟ್ಟೆಕೋಳಿಯ ಪುಡಿಮೇವನ್ನು ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ನೆನೆಸಿ, ಸ್ವಲ್ಪವೇ ಮೊಸರು ಸೇರಿಸಿ ಕೊಟ್ಟೆ. ಮೊಸರನ್ನು ಬಟ್ಟಲುಗಟ್ಟಲೆ ಇಡುವವರಿದ್ದಾರೆ. ಹಾಲಿನ ಸಕ್ಕರೆಯನ್ನು ಕೋಳಿ ಜೀರ್ಣಿಸಿಕೊಳ್ಳಲಾರದು, ಹೆಚ್ಚಾದರೆ ಭೇದಿಯಾಗುತ್ತದೆ. ಅಕ್ಕಿಗಂಜಿ, ಪಾವ್, ಬೆಲ್ಲದ ನೀರು ಇವುಗಳನ್ನು ದೂರವಿಟ್ಟೆ, ಪಿಷ್ಟ ಮತ್ತು ಸಕ್ಕರೆ ಆ ಬೂಷ್ಟಿನ ಮೇವೇ ಆಗಿವೆ. ಅತ್ತೆಯ ಅರಿಶಿನಕ್ಕೂ ಈ ಹಂತದಲ್ಲಿ ಒಂದು ಚಿಟಿಕೆಯ ಜಾಗ ಸಿಕ್ಕಿತು. ಅದು ಗುಣಪಡಿಸಿತೆಂದು ನಾನು ಹೇಳಲಾರೆ, ಅವರು ಹೇಳುತ್ತಾರೆ.

ತೂಕ ಹಳೆಯ ಮಟ್ಟಕ್ಕೆ ಏರುವವರೆಗೂ ಗೂಡಿಗೆ ಬಿಡಲಿಲ್ಲ. ಬಿಟ್ಟದ್ದು ರಾತ್ರಿ, ಎಲ್ಲವೂ ಕೋಲಿನ ಮೇಲೆ ಕೂತ ಮೇಲೆ. ಹಗಲು ಬಿಟ್ಟರೆ ಹೊಸಬಳೆಂದು ಕುಕ್ಕುತ್ತವೆ. ಬೆಳಗಾದಾಗ ಪಕ್ಕದಲ್ಲೇ ಇದ್ದವಳೊಡನೆ ಜಗಳ ಕಡಿಮೆ.

ಹಿತ್ತಲಿನ ದುರಸ್ತಿ

ಕೋಳಿ ಸರಿಯಾದರೂ ಹಿತ್ತಲು ಹಾಗೆಯೇ ಇದ್ದರೆ ಇನ್ನೊಂದು ಕೋಳಿ ಅದೇ ಪೆಟ್ಟಿಗೆಗೆ ಬರುತ್ತದೆ. ಜೂನಿನಿಂದ ಬಿಡದೆ ಸುರಿದ ಮಳೆಗೆ ಕಾಂಪೌಂಡಿನ ಬದಿಯ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಕೋಳಿ ಎಳೆಹುಲ್ಲನ್ನು ಚಿವುಟಿ ತಿಂದರೆ ತೊಂದರೆಯಿಲ್ಲ, ಬಲಿತ ಉದ್ದ ಎಳೆಯನ್ನು ಎಳೆದು ನುಂಗಿದರೆ ಅದು ಚೀಲದಲ್ಲಿ ಸುತ್ತಿಕೊಳ್ಳುತ್ತದೆ. ಕುಡುಗೋಲಿನಿಂದ ನೆಲಮಟ್ಟಕ್ಕೆ ಸವರಿ, ಸವರಿದ್ದನ್ನು ಅಲ್ಲೇ ಬಿಡದೆ ಗೊಬ್ಬರದ ಗುಂಡಿಗೆ ಹಾಕಿದೆವು. ಕತ್ತರಿಸಿ ಬಿದ್ದ ಹುಲ್ಲು ನಿಂತ ಹುಲ್ಲಿಗಿಂತ ಹೆಚ್ಚು ಅಪಾಯಕಾರಿ. ಸವರುವಾಗ ಅಂಗಡಿಯಿಂದ ಬರುವ ಮೇವಿನ ಮೂಟೆಗಳ ಬಾಯಿ ಹೊಲಿದಿರುವ ಪ್ಲಾಸ್ಟಿಕ್ ದಾರದ ತುಂಡುಗಳು ಮಣ್ಣಿನಲ್ಲಿ ಕೈಗೆ ಸಿಕ್ಕವು. ಎಣ್ಣೆಗೂ ಬೆರಳಿಗೂ ಬಗ್ಗದ ವಸ್ತು ಅದು. ಈಗ ಮೂಟೆ ಬಿಚ್ಚುವುದು ಮನೆಯೊಳಗೆ, ದಾರ ಹೋಗುವುದು ಕಸದ ಡಬ್ಬಿಗೆ.

ಇನ್ನೊಂದು ಕೊರತೆಯೂ ಕಂಡಿತು. ಗೂಡಿನಲ್ಲಿ ಚಿಪ್ಪಿನ ಪುಡಿ ಇತ್ತು, ಕಲ್ಲಿನ ಹರಳು ಇರಲಿಲ್ಲ. ಇಲ್ಲಿ ತಿಸ್ರ್ಯೊ ಎಂಬ ಚಿಪ್ಪುಜೀವಿಯನ್ನು ತಿಂದ ಮನೆಗಳಲ್ಲೆಲ್ಲ ಚಿಪ್ಪು ಧಾರಾಳವಾಗಿ ಸಿಗುತ್ತದೆ, ತೊಳೆದು ಹುರಿದು ಕುಟ್ಟಿ ಕೋಳಿಗೆ ಹಾಕುತ್ತೇವೆ. ಅದು ಮೊಟ್ಟೆಯ ತೊಗಟೆಗೆ ಬೇಕಾದ ಸುಣ್ಣವನ್ನು ಕೊಡುತ್ತದೆ, ಆದರೆ ಹೊಟ್ಟೆಯ ಹುಳಿಗೆ ಕರಗಿಹೋಗುವುದರಿಂದ ಅರೆಯುವ ಕೆಲಸಕ್ಕೆ ನಿಲ್ಲುವುದಿಲ್ಲ. ನಮ್ಮ ಕೆಂಪುಕಲ್ಲಿನ ನೆಲದ ಚೂರುಗಳೂ ಮೃದು. ಕಟ್ಟಡದ ಕೆಲಸ ನಡೆಯುತ್ತಿದ್ದ ಕಡೆಯಿಂದ ಕರಿಕಲ್ಲಿನ ಸಣ್ಣ ಜಲ್ಲಿಯನ್ನು ತಂದು, ಜರಡಿ ಹಿಡಿದು, ಜೋಳದ ಕಾಳಿಗಿಂತ ದಪ್ಪನೆಯದನ್ನು ತೆಗೆದು, ಪುಡಿಯನ್ನು ತೊಳೆದು ಹೊರಹಾಕಿ, ಉಳಿದದ್ದನ್ನು ಚಿಪ್ಪಿನ ಬಟ್ಟಲಿನ ಪಕ್ಕದಲ್ಲಿ ಬೇರೆ ಬಟ್ಟಲಿನಲ್ಲಿಟ್ಟೆ. ಎರಡನ್ನೂ ಮೇವಿಗೆ ಬೆರೆಸುವುದಿಲ್ಲ, ತಮಗೆ ಬೇಕಾದಷ್ಟನ್ನು ಅವೇ ಆರಿಸಿಕೊಳ್ಳುತ್ತವೆ. ಮೊದಲ ವಾರ ಎಲ್ಲವೂ ಜಲ್ಲಿಯ ಬಟ್ಟಲಿಗೇ ಮುಗಿಬಿದ್ದವು.

ಕ್ರೇಟುಗಳನ್ನು ಸೋಪಿನಲ್ಲಿ ತಿಕ್ಕಿ ಹಿಕ್ಕೆಯ ಕಲೆ ಪೂರ್ತಿ ಹೋದ ಮೇಲೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೊಳೆದೆ. ಕೊಳೆ ಇರುವಾಗ ಬ್ಲೀಚ್ ಹಾಕಿದರೆ ಅದರ ಶಕ್ತಿ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ಆಗಸ್ಟಿನಲ್ಲಿ ಬಿಸಿಲನ್ನು ನಂಬುವಂತಿಲ್ಲವಾದ್ದರಿಂದ ವರಾಂಡದಲ್ಲೇ ಒಣಗಿಸಿ, ಟೈಗಳನ್ನು ಹಾಗೆಯೇ ಬಿಟ್ಟು, ಒಂದರ ಮೇಲೊಂದು ಮಡಚಿ ಅಟ್ಟಕ್ಕೆ ಏರಿಸಿದ್ದೇನೆ. ಕೆಂಪಿ ಮತ್ತೆ ಮೊಟ್ಟೆಯಿಡತೊಡಗಿದಾಗ ಮೊದಲ ಕೆಲವು ಮೊಟ್ಟೆಗಳ ತೊಗಟೆ ತೆಳುವಾಗಿತ್ತು, ಆಮೇಲೆ ಸರಿಹೋಯಿತು. ಅತ್ತೆ ಊರಿಗೆ ಹೊರಡುವವರೆಗೂ ದಿನಾ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವ ಮೊದಲು ಒಂದೊಂದರ ಚೀಲವನ್ನೂ ತಾವೇ ಮುಟ್ಟಿ ನೋಡಿ, ಬರಿದಾಗಿದ್ದರೆ ಮಾತ್ರ ಹೊರಗೆ ಬಿಡುತ್ತಿದ್ದರು.